ಎರಡು ಕಿಲೋಬೈಟ್ ಮೆಮೊರಿ, ಒಂದು ಸಿ ಕಂಪೈಲರ್

ಒಂದು ವೇರಿಯಬಲ್‌ಗೆ ಒಂದನ್ನು ಕೂಡಿಸಬೇಕು. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಒಂದು ಸಾಲು ಸಾಕು. 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಆಗಿ ಹುಟ್ಟಿ, ಹೊರಗೆ ಎನ್‌ಇಎಸ್ ಎಂದು ಹೆಸರಾದ ನಿಂಟೆಂಡೊ ಕನ್ಸೋಲ್‌ನಲ್ಲಿ ಆ ಸಾಲು ಐದು ಕ್ಲಾಕ್ ಸೈಕಲ್‌ಗಳಲ್ಲಿ (ಪ್ರೊಸೆಸರ್‌ನ ಗಡಿಯಾರದ ಮಿಡಿತಗಳಲ್ಲಿ) ಮುಗಿಯಬಹುದು, ಐವತ್ತನ್ನು ದಾಟಲೂಬಹುದು. ಸಾಲಿನ ಒಂದಕ್ಷರವೂ ಬದಲಾಗಬೇಕಿಲ್ಲ. ಆ ವೇರಿಯಬಲ್ಲನ್ನು ಮೇಲೆಲ್ಲೋ ಹೇಗೆ ಘೋಷಿಸಿದ್ದೀರಿ ಎಂಬುದಷ್ಟೇ ಬೇರೆ. ಹಳೆಯ ಕನ್ಸೋಲ್‌ಗಳಿಗೆ ಉನ್ನತ ಮಟ್ಟದ ಭಾಷೆಯಲ್ಲಿ ಆಟ ಬರೆಯುವ ಕಸುಬೆಲ್ಲ ಈ ಹತ್ತು ಪಟ್ಟು ಅಂತರದೊಳಗೆ ನಡೆಯುತ್ತದೆ.

ಈ ವಿಷಯದಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಇಂಥ ಯಂತ್ರಗಳಿಗೆ ಅಸೆಂಬ್ಲಿ, ಅಂದರೆ ಪ್ರೊಸೆಸರ್‌ನ ಸೂಚನೆಗಳನ್ನೇ ಒಂದೊಂದಾಗಿ ಬರೆಯುವ ಭಾಷೆ, ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದು ಒಂದು. ಬರೆದ ಕೋಡನ್ನು ಯಂತ್ರದ ಸೂಚನೆಗಳಾಗಿ ಅನುವಾದಿಸುವ ಇಂದಿನ ಕಂಪೈಲರ್‌ಗಳು ಎಷ್ಟು ಜಾಣವಾಗಿವೆಯೆಂದರೆ ಯಂತ್ರದ ಒಳಗನ್ನು ತಿಳಿಯಬೇಕಾದ ಅಗತ್ಯವೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಹಳಸಿದ ಮಾತು. ಎರಡನೆಯದು ಇನ್ನೂ ನಿಜವಾಗಿಲ್ಲ. ಸಿ ಭಾಷೆ ಬರೆಯುವ ಶ್ರಮವನ್ನು ತಗ್ಗಿಸುತ್ತದೆ, ತಿಳಿದುಕೊಳ್ಳುವ ಶ್ರಮವನ್ನಲ್ಲ.

ಮೊದಲು ಸಮಯದ ಲೆಕ್ಕ ನೋಡೋಣ. ಎನ್‌ಇಎಸ್‌ನ ಪ್ರೊಸೆಸರ್ ಸೆಕೆಂಡಿಗೆ ಸುಮಾರು 17.9 ಲಕ್ಷ ಸೈಕಲ್‌ಗಳ ವೇಗದಲ್ಲಿ ಓಡುತ್ತದೆ. ಜಪಾನ್ ಮತ್ತು ಅಮೆರಿಕದ ಟಿವಿಗಳಲ್ಲಿ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಹೀಗೆ ಒಂದು ಸಲ ಮೂಡುವ ಚಿತ್ರವೇ ಫ್ರೇಮ್. ಭಾಗಿಸಿದರೆ ಒಂದು ಫ್ರೇಮ್‌ನ ಪಾಲಿಗೆ ಬರುವುದು ಸುಮಾರು 29,780 ಸೈಕಲ್. ಪ್ರೊಸೆಸರ್‌ನ ಒಂದೊಂದು ಸೂಚನೆಗೂ ಎರಡರಿಂದ ಏಳು ಸೈಕಲ್ ಬೇಕು. ಅಂದರೆ ಒಂದು ಫ್ರೇಮ್‌ನಲ್ಲಿ ಹೆಚ್ಚೆಂದರೆ ಎಂಟರಿಂದ ಹತ್ತು ಸಾವಿರ ಸೂಚನೆಗಳು. ಗುಂಡಿ ಒತ್ತಿದ್ದನ್ನು ಓದುವುದು, ನಾಯಕನನ್ನು ಓಡಿಸುವುದು, ಶತ್ರುಗಳನ್ನು ಅಲುಗಾಡಿಸುವುದು, ಯಾರು ಯಾರಿಗೆ ಡಿಕ್ಕಿ ಹೊಡೆದರೆಂದು ನೋಡುವುದು, ಸಂಗೀತದ ಮುಂದಿನ ಸ್ವರ ನುಡಿಸುವುದು ಎಲ್ಲವೂ ಇಷ್ಟರಲ್ಲೇ ಮುಗಿಯಬೇಕು. ಹತ್ತು ವಸ್ತುಗಳನ್ನು ಪರಸ್ಪರ ಹೋಲಿಸಿದರೆ 45 ಜೋಡಿಗಳಾಗುತ್ತವೆ. ಅಜಾಗರೂಕ ಸಿ ಕೋಡ್ ಒಂದು ಜೋಡಿಗೆ 200 ಸೈಕಲ್ ತಿಂದರೆ ಫ್ರೇಮ್‌ನ ಸುಮಾರು ಮೂರನೇ ಒಂದು ಭಾಗ ಡಿಕ್ಕಿಯ ಲೆಕ್ಕಕ್ಕೇ ಹೋಯಿತು. ಸಮಯ ಕೊಂಚ ಮೀರಿದರೆ ಆಟ ಕೊಂಚ ನಿಧಾನವಾಗುವುದಿಲ್ಲ. ಮುಂದಿನ ಪರದೆಯವರೆಗೆ ಕಾಯಬೇಕಾದ್ದರಿಂದ 60 ಫ್ರೇಮ್‌ಗಳ ಆಟ ನೇರವಾಗಿ 30ಕ್ಕೆ ಕುಸಿಯುತ್ತದೆ.

ಈಗ ಪ್ರೊಸೆಸರ್‌ನ ವಿಷಯ. ಎನ್‌ಇಎಸ್‌ನ ಒಳಗಿರುವುದು 1975ರಲ್ಲಿ ಚಕ್ ಪೆಡಲ್ ಅವರ ತಂಡ ಎಂಒಎಸ್ ಟೆಕ್ನಾಲಜಿಯಲ್ಲಿ ರೂಪಿಸಿದ 6502ರ ತಿರುಳು. ರಿಕೊ ಕಂಪನಿ ಅದಕ್ಕೆ ಧ್ವನಿಯ ಸರ್ಕ್ಯೂಟ್ ಸೇರಿಸಿ, ದಶಮಾಂಶ ಲೆಕ್ಕದ ಸೌಲಭ್ಯವನ್ನು ಕಿತ್ತುಹಾಕಿ ತಯಾರಿಸಿತು. ಲೆಕ್ಕ ಮಾಡಲು ಅದಕ್ಕಿರುವುದು ಎ, ಎಕ್ಸ್, ವೈ ಎಂಬ ಮೂರು ಎಂಟು ಬಿಟ್ ರಿಜಿಸ್ಟರ್‌ಗಳು, ಅಂದರೆ ಪ್ರೊಸೆಸರ್‌ನ ಒಳಗೇ ಅಂಕಿ ಹಿಡಿದಿಡುವ ಪುಟ್ಟ ಜಾಗಗಳು. ಗುಣಾಕಾರ ಬಾರದು, ಭಾಗಾಕಾರ ಬಾರದು. ಸಿ ಭಾಷೆಯಾದರೋ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-11 ಎಂಬ ಕಂಪ್ಯೂಟರ್‌ನ ಸಹವಾಸದಲ್ಲಿ ಬೆಳೆದದ್ದು. ಅದು ಹದಿನಾರು ಬಿಟ್ ಯಂತ್ರ, ಎಂಟು ರಿಜಿಸ್ಟರ್‌ಗಳಿದ್ದವು, ಸ್ಟ್ಯಾಕ್‌ನ (ತಾತ್ಕಾಲಿಕ ಅಂಕಿಗಳನ್ನು ಒಂದರ ಮೇಲೊಂದು ಪೇರಿಸಿಡುವ ಮೆಮೊರಿಯ) ಯಾವ ಮೂಲೆಯಲ್ಲಿದ್ದ ಅಂಕಿಯನ್ನಾದರೂ ನೇರವಾಗಿ ಎತ್ತಿಕೊಳ್ಳಬಲ್ಲದಾಗಿತ್ತು. ಸಿ ಇಂದಿಗೂ ಮನಸ್ಸಿನಲ್ಲಿ ಅಂಥದೇ ಯಂತ್ರವನ್ನು ಇಟ್ಟುಕೊಂಡಿದೆ. 6502ರ ಜೊತೆ ಅದರ ಜಗಳ ಹುಟ್ಟುವುದು ಇಲ್ಲಿಂದ. ಎನ್‌ಇಎಸ್ ನಿಧಾನವೆಂಬ ದೂರು ಅರ್ಧ ಸತ್ಯ. ಸಿ ನಿರೀಕ್ಷಿಸುವ ಎರಡು ಅನುಕೂಲಗಳು ಅದರಲ್ಲಿಲ್ಲ ಎಂಬುದು ಉಳಿದರ್ಧ.

ಮೊದಲ ಅನುಕೂಲ ಹದಿನಾರು ಬಿಟ್‌ನ ಪೂರ್ಣಾಂಕ. ಸಿ ಭಾಷೆಯ ನಿಯಮದಂತೆ ಸಾಮಾನ್ಯ ಪೂರ್ಣಾಂಕಕ್ಕೆ ಕನಿಷ್ಠ ಹದಿನಾರು ಬಿಟ್ ಇರಬೇಕು. ಎರಡು ಎಂಟು ಬಿಟ್ ಅಂಕಿಗಳನ್ನು ಕೂಡಿಸಿದರೂ ಲೆಕ್ಕ ಹದಿನಾರು ಬಿಟ್‌ಗೆ ಏರಿಯೇ ನಡೆಯಬೇಕೆಂದು ಭಾಷೆ ಹೇಳುತ್ತದೆ. ಮೇಲಿನ ಬೈಟ್ ನಿಜಕ್ಕೂ ಬೇಕಿಲ್ಲವೆಂದು ಕಂಪೈಲರ್‌ಗೆ ಮನವರಿಕೆಯಾದರೆ ಮಾತ್ರ ಅದನ್ನು ಕೈಬಿಡಬಹುದು. ಮನವರಿಕೆಯಾಗದಿದ್ದರೆ ಹನ್ನೊಂದು ಸೈಕಲ್‌ನ ಕೂಡಿಕೆ ಇಪ್ಪತ್ತಾಗುತ್ತದೆ. ಆದ್ದರಿಂದ ಈ ಕಸುಬಿನವರು ಸಾಮಾನ್ಯ ಪೂರ್ಣಾಂಕವನ್ನು ಮುಟ್ಟುವುದೇ ಅಪರೂಪ. ಎಲ್ಲೆಲ್ಲೂ ಚಿಹ್ನೆಯಿಲ್ಲದ ಎಂಟು ಬಿಟ್‌ನ ಅಂಕಿ: ಸೊನ್ನೆಯಿಂದ 255. ಪರದೆಯ ಅಗಲ 256 ಚುಕ್ಕಿಗಳೇ ಆಗಿರುವುದರಿಂದ ಬಹುಪಾಲು ಕೆಲಸಕ್ಕೆ ಇದು ಧಾರಾಳವಾಗಿ ಸಾಲುತ್ತದೆ.

ಎರಡನೆಯದು ಸ್ಟ್ಯಾಕ್. ಇದು ಹೆಚ್ಚು ಗಂಭೀರ, ಹೆಚ್ಚು ಸ್ವಾರಸ್ಯಕರ ಕೂಡ. ಫಂಕ್ಷನ್ ಒಂದನ್ನು, ಅಂದರೆ ಹೆಸರಿಟ್ಟ ಕೋಡ್ ತುಣುಕನ್ನು, ಕರೆದಾಗಲೆಲ್ಲ ಅದರೊಳಗಷ್ಟೇ ಬಳಕೆಯಾಗುವ ಲೋಕಲ್ ವೇರಿಯಬಲ್‌ಗಳಿಗೆ ಸ್ಟ್ಯಾಕ್‌ನಲ್ಲಿ ಹೊಸ ಜಾಗ ಸಿಗುತ್ತದೆ, ಫಂಕ್ಷನ್ ಮುಗಿದಾಗ ಜಾಗ ತೆರವಾಗುತ್ತದೆ ಎಂಬುದು ಸಿ ಭಾಷೆಯ ಸಾಮಾನ್ಯ ನಡೆ. 6502ರ ಸ್ಟ್ಯಾಕ್ ಇರುವುದೇ 256 ಬೈಟ್. ಅದರ ನಡುವಿನಿಂದ ಒಂದು ಬೈಟ್ ತೆಗೆಯಬೇಕೆಂದರೆ ಎಕ್ಸ್ ರಿಜಿಸ್ಟರನ್ನು ಒತ್ತೆಯಿಡಬೇಕು. ಹಾಗಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಸಿಸಿ65 ಎಂಬ ಕಂಪೈಲರ್ ಆ ಸ್ಟ್ಯಾಕ್‌ನ ಗೊಡವೆಗೇ ಹೋಗದೆ ಮೆಮೊರಿಯ ಬೇರೊಂದು ಭಾಗದಲ್ಲಿ ಸಾಫ್ಟ್‌ವೇರ್ ಸ್ಟ್ಯಾಕ್ ಕಟ್ಟಿಕೊಳ್ಳುತ್ತದೆ. ಒಂದು ಲೋಕಲ್ ವೇರಿಯಬಲ್ ಓದಲು ವೈ ರಿಜಿಸ್ಟರ್‌ಗೆ ದೂರ ತುಂಬು, ಪಾಯಿಂಟರ್ (ಮೆಮೊರಿ ವಿಳಾಸವನ್ನು ಹೊತ್ತ ವೇರಿಯಬಲ್) ಹಿಡಿದು ಆ ದೂರಕ್ಕೆ ಹೋಗು, ಒಂದು ಬೈಟ್ ತಾ, ವೈಯನ್ನು ಬದಲಿಸು, ಇನ್ನೊಂದು ಬೈಟ್ ತಾ ಎಂಬ ಸುತ್ತುಬಳಸು. ಆರಂಭದಲ್ಲಿ ಹೇಳಿದ ಐವತ್ತು ಸೈಕಲ್‌ಗಳು ಖರ್ಚಾಗುವುದು ಇಲ್ಲೇ.

ಪರಿಹಾರ ಸರಳ, ಸ್ವಲ್ಪ ಮಟ್ಟಿಗೆ ನಾಚಿಕೆಗೇಡಿನದು ಕೂಡ: ಸಿ ಕಲಿಸುವವರು ಬೇಡವೆನ್ನುವ, ಎಲ್ಲ ಫಂಕ್ಷನ್‌ಗಳಿಗೂ ಕಾಣುವ ಗ್ಲೋಬಲ್ ವೇರಿಯಬಲ್‌ಗಳನ್ನು ಧಾರಾಳವಾಗಿ ಬಳಸುವುದು. ಕಾಯಂ ವಿಳಾಸವಿರುವ ವೇರಿಯಬಲ್ಲನ್ನು 6502 ಒಂದೇ ಸೂಚನೆಯಲ್ಲಿ ಓದಬಲ್ಲದು. ಅದರಲ್ಲೂ ಮೆಮೊರಿಯ ಮೊದಲ 256 ಬೈಟ್‌ಗಳಿಗೆ, ಅಂದರೆ ಜೀರೋ ಪೇಜ್‌ಗೆ, ವಿಶೇಷ ರಿಯಾಯಿತಿ ಇದೆ: ವಿಳಾಸವೇ ಒಂದು ಬೈಟ್‌ನದಾದ್ದರಿಂದ ಸೂಚನೆ ಚಿಕ್ಕದು, ಓದಲು ಮೂರು ಸೈಕಲ್ ಸಾಕು. ಪದೇ ಪದೇ ಬಳಸುವ ವೇರಿಯಬಲ್‌ಗಳನ್ನೆಲ್ಲ ಅಲ್ಲಿ ಕೂರಿಸಬೇಕು. ಐದು ಸೈಕಲ್‌ನ ಕೂಡಿಕೆ ಸಾಧ್ಯವಾಗುವುದು ಅಲ್ಲಿ ಮಾತ್ರ.

ಎಲ್ಎಲ್‌ವಿಎಂ-ಎಂಒಎಸ್ ಎಂಬ ಹೊಸ ಕಂಪೈಲರ್ ಇದೇ ಕೆಲಸವನ್ನು ಸದ್ದಿಲ್ಲದೆ ತಾನೇ ಮಾಡುತ್ತದೆ. ಅದು ಇಡೀ ಪ್ರೋಗ್ರಾಮನ್ನು ಒಟ್ಟಾಗಿ ಓದಿ, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆಂಬ ನಕ್ಷೆ ಹಾಕುತ್ತದೆ. ಒಂದು ಫಂಕ್ಷನ್ ಸುತ್ತಿ ಬಳಸಿಯೂ ತನ್ನನ್ನು ತಾನು ಮತ್ತೆ ಕರೆದುಕೊಳ್ಳುವುದಿಲ್ಲವೆಂದು ಖಚಿತವಾದರೆ, ಅದರ ಲೋಕಲ್ ವೇರಿಯಬಲ್‌ಗಳಿಗೆ ಸ್ಟ್ಯಾಕ್ ಏಕೆ? ಕಾಯಂ ವಿಳಾಸ ಕೊಟ್ಟುಬಿಡುತ್ತದೆ. ಜೀರೋ ಪೇಜ್‌ನ ಬೈಟ್‌ಗಳನ್ನೇ ಕಾಲ್ಪನಿಕ ರಿಜಿಸ್ಟರ್‌ಗಳಾಗಿ ಬಳಸಿಕೊಳ್ಳುತ್ತದೆ. ಇದೇನೂ ತೀರಾ ಹೊಸ ಆಲೋಚನೆಯಲ್ಲ. ಫೋರ್ಟ್ರಾನ್‌ನ ಆರಂಭದ ದಿನಗಳಲ್ಲಿ ರಿಕರ್ಶನ್, ಅಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು, ಇರಲೇ ಇಲ್ಲ, ಎಲ್ಲ ವೇರಿಯಬಲ್‌ಗಳಿಗೂ ಕಾಯಂ ವಿಳಾಸವೇ ಇರುತ್ತಿತ್ತು. ಎನ್‌ಇಎಸ್‌ನ ಮಟ್ಟಿಗೆ ಆ ಹಿರಿಯ ಭಾಷೆಯೇ ಹೆಚ್ಚು ವಿವೇಕಿಯಾಗಿತ್ತು ಎನ್ನಬೇಕು.

ಇನ್ನು ದತ್ತಾಂಶವನ್ನು ಜೋಡಿಸುವ ಬಗೆ. ಶತ್ರು ಎಂದರೆ ಒಂದು ಸ್ಟ್ರಕ್ಚರ್, ಅದರೊಳಗೆ ಸ್ಥಾನ, ವೇಗ, ಬಣ್ಣ, ಪ್ರಾಣ. ಅಂಥ ಶತ್ರುಗಳದ್ದೊಂದು ಅರೇ, ಅಂದರೆ ಸಾಲು. ಇಂದಿನ ಪ್ರೋಗ್ರಾಮರ್ ಹೀಗೆಯೇ ಬರೆಯುತ್ತಾನೆ. ಒಂದು ಸ್ಟ್ರಕ್ಚರ್ ಏಳು ಬೈಟ್‌ನದಾದರೆ ಐದನೇ ಶತ್ರು ಎಲ್ಲಿದ್ದಾನೆಂದು ತಿಳಿಯಲು ಏಳರಿಂದ ಗುಣಿಸಬೇಕು, ಗುಣಿಸಲು 6502ಕ್ಕೆ ಬಾರದು. ಅದೇ ಎಲ್ಲ ಶತ್ರುಗಳ ಅಡ್ಡ ಸ್ಥಾನಗಳಿಗೆ ಒಂದು ಅರೇ, ಲಂಬ ಸ್ಥಾನಗಳಿಗೆ ಇನ್ನೊಂದು, ಪ್ರಾಣಕ್ಕೆ ಮತ್ತೊಂದು ಎಂದು ಬಿಡಿಸಿಟ್ಟರೆ ಶತ್ರುವಿನ ಸಂಖ್ಯೆಯನ್ನು ಎಕ್ಸ್ ರಿಜಿಸ್ಟರ್‌ನಲ್ಲಿ ಇಟ್ಟು ನಾಲ್ಕೇ ಸೈಕಲ್‌ನಲ್ಲಿ ಬೇಕಾದದ್ದನ್ನು ಎತ್ತಿಕೊಳ್ಳಬಹುದು. ಕೋಡ್ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ. ಆದರೆ ಕಂಪೈಲರ್ ಎಷ್ಟೇ ಜಾಣವಾಗಿದ್ದರೂ ನಿಮ್ಮ ದತ್ತಾಂಶದ ಜೋಡಣೆಯನ್ನು ಅದಾಗಿ ಬದಲಿಸಿಕೊಡುವುದಿಲ್ಲ.

ಅಂಕಗಳನ್ನು ಪರದೆಯ ಮೇಲೆ ತೋರಿಸುವುದೂ ಹೀಗೆಯೇ ಕಾಡುತ್ತದೆ. 12,340 ಎಂಬ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಬಿಡಿಸಲು ಹತ್ತರಿಂದ ಮತ್ತೆ ಮತ್ತೆ ಭಾಗಿಸಬೇಕು. ಭಾಗಾಕಾರವನ್ನು ಕಳೆಯುವಿಕೆ ಮತ್ತು ಬಿಟ್ ಸರಿಸುವಿಕೆಯಿಂದಲೇ ಸಾಧಿಸಬೇಕಾದ ಯಂತ್ರದಲ್ಲಿ ಇದು ದುಬಾರಿ ಬಾಬತ್ತು. ಆದ್ದರಿಂದ ಅಂಕವನ್ನು ಮೊದಲಿನಿಂದಲೂ ಬಿಡಿ ಅಂಕಿಗಳ ಅರೇಯಾಗಿಯೇ ಇಟ್ಟುಕೊಂಡು, ಒಂಬತ್ತು ದಾಟಿದಾಗ ದಶಕವನ್ನು ಕೈಯಾರೆ ಪಕ್ಕಕ್ಕೆ ಸಾಗಿಸುವುದು ರೂಢಿ. ಇನ್ನು, ಬದಲಾಗದ ಕೋಷ್ಟಕಗಳನ್ನು ಕಾನ್ಸ್ಟ್ ಎಂದು ಘೋಷಿಸಲು ಮರೆತರೆ ಕಂಪೈಲರ್ ಅವನ್ನು ಕಾರ್ಟ್ರಿಜ್‌ನಲ್ಲೇ ಬಿಡದೆ ಮೆಮೊರಿಗೆ ನಕಲು ಮಾಡುತ್ತದೆ. ಒಟ್ಟು ಮೆಮೊರಿ ಇರುವುದು 2 ಕಿಲೋಬೈಟ್.

ಇಷ್ಟೆಲ್ಲ ಮಾಡಿದರೂ ಹೊಸಬರ ಆಟ ಪರದೆಯ ಮೇಲೆ ಚಿಂದಿಚಿಂದಿಯಾಗಿ ಕಾಣುವುದುಂಟು. ಇದಕ್ಕೆ ಕಾರಣ ಚಿತ್ರದ ಚಿಪ್. ಎನ್‌ಇಎಸ್‌ನಲ್ಲಿ ಚಿತ್ರ ಬಿಡಿಸುವ ಪಿಪಿಯು ಎಂಬ ಚಿಪ್‌ಗೆ ತನ್ನದೇ ಮೆಮೊರಿ ಇದೆ, ಪ್ರೊಸೆಸರ್ ಅದನ್ನು ಒಂದೊಂದೇ ಬೈಟ್‌ನಂತೆ ಕಿಟಕಿಯ ಮೂಲಕ ತಲುಪಬೇಕು. ಪಿಪಿಯು ಪರದೆಯನ್ನು ಬಿಡಿಸುತ್ತಿರುವಾಗ ಆ ಕಿಟಕಿಗೆ ಕೈಹಾಕಿದರೆ ಚಿತ್ರ ಕೆಡುತ್ತದೆ. ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು, ಅಂದರೆ ವಿಬ್ಲ್ಯಾಂಕ್, ಮಾತ್ರ ಸುರಕ್ಷಿತ. ಅದು ಸುಮಾರು 2,270 ಸೈಕಲ್‌ಗಳಷ್ಟು ಉದ್ದ. 64 ಸ್ಪ್ರೈಟ್‌ಗಳ (ಪರದೆಯ ಮೇಲೆ ಓಡಾಡುವ ಚಿಕ್ಕ ಚಿತ್ರಗಳ) 256 ಬೈಟ್ ಮಾಹಿತಿಯನ್ನು ಸಾಗಿಸಲು ಅದರಲ್ಲಿ 513 ಸೈಕಲ್ ಹೋಗುತ್ತದೆ. ಉಳಿದದ್ದರಲ್ಲಿ ಬೈಟ್‌ಗೆ ಎಂಟು ಸೈಕಲ್‌ನ ಅತ್ಯಂತ ಬಿಗಿಯಾದ ಅಸೆಂಬ್ಲಿ ಬರೆದರೂ ಇನ್ನೂರು ಚಿಲ್ಲರೆ ಬೈಟ್‌ಗಳನ್ನಷ್ಟೇ ಬದಲಿಸಬಹುದು. ಹಿನ್ನೆಲೆಯ ಒಂದು ಪೂರ್ಣ ಪರದೆಗೆ ಬೇಕಾದದ್ದು 1,024 ಬೈಟ್. ಹಳೆಯ ಆಟಗಳಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಕ್ಷಣಕಾಲ ಕಪ್ಪಾಗುತ್ತಿದ್ದುದರ ಹಿಂದೆ ಬಹುಮಟ್ಟಿಗೆ ಈ ಲೆಕ್ಕವೇ ಇದೆ: ಪಿಪಿಯುವನ್ನು ನಿಲ್ಲಿಸಿಬಿಟ್ಟರೆ ಬೇಕಾದಷ್ಟು ಹೊತ್ತು ಬರೆಯಬಹುದು.

ವಿಬ್ಲ್ಯಾಂಕ್‌ನ ಈ ಕೆಲಸವನ್ನು ಸಿ ಭಾಷೆಗೆ ಒಪ್ಪಿಸಲು ನಾನಂತೂ ಸಲಹೆ ಕೊಡುವುದಿಲ್ಲ. ಸಮಯ ಒಂದು ಕಾರಣ. ಇನ್ನೊಂದು ಕಾರಣ ಬೇಗ ಕಣ್ಣಿಗೆ ಬೀಳದಂಥದು. ವಿಬ್ಲ್ಯಾಂಕ್ ಶುರುವಾದ ಕೂಡಲೇ ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಇಂಟರಪ್ಟ್ ಕೋಡ್‌ಗೆ ಜಿಗಿಯುತ್ತದೆ. ಸಿಸಿ65 ತನ್ನ ತಾತ್ಕಾಲಿಕ ಲೆಕ್ಕಗಳಿಗೆ ಜೀರೋ ಪೇಜ್‌ನಲ್ಲಿ ಕೆಲವು ಬೈಟ್‌ಗಳನ್ನು ಕಾದಿರಿಸಿಕೊಂಡಿರುತ್ತದೆ. ಇಂಟರಪ್ಟ್ ಕೋಡನ್ನೂ ಸಿ ಭಾಷೆಯಲ್ಲೇ ಬರೆದರೆ ಅದು ಅದೇ ಬೈಟ್‌ಗಳ ಮೇಲೆ ಬರೆದು, ಅರ್ಧಕ್ಕೆ ನಿಂತಿದ್ದ ಲೆಕ್ಕವನ್ನು ಕೆಡಿಸಿ ಮರಳುತ್ತದೆ. ಆಟ ಎಲ್ಲೋ ಒಮ್ಮೆ ವಿಚಿತ್ರವಾಗಿ ವರ್ತಿಸುತ್ತದೆ, ಅದೂ ಪ್ರತಿ ಸಲ ಅಲ್ಲ. ಹೀಗಾಗಿ ಚಾಲ್ತಿಯಲ್ಲಿರುವ ಲೈಬ್ರರಿಗಳಲ್ಲಿ ಇಂಟರಪ್ಟ್, ಸ್ಪ್ರೈಟ್ ಸಾಗಣೆ, ಸಂಗೀತ ಇವೆಲ್ಲ ಅಸೆಂಬ್ಲಿಯಲ್ಲೇ ಇರುತ್ತವೆ. ಸಿ ಕೋಡ್ ಮಾಡುವುದು ಇಷ್ಟೇ: ಏನೇನು ಬದಲಾಗಬೇಕೆಂದು ಒಂದು ಪಟ್ಟಿಯಲ್ಲಿ ಬರೆದಿಟ್ಟು ಕಾಯುವುದು. ಕಾಯುವಾಗ ನೋಡುತ್ತಿರುವ ವೇರಿಯಬಲ್ಲನ್ನು ವೊಲಟೈಲ್ ಎಂದು ಘೋಷಿಸಬೇಕು. ಇಲ್ಲವಾದರೆ, ಇಂಟರಪ್ಟ್ ಎಂಬುದೊಂದು ಇದೆಯೆಂದು ಅರಿಯದ ಕಂಪೈಲರ್, ಈ ಬೆಲೆಯನ್ನು ಇಲ್ಲಿ ಯಾರೂ ಬದಲಿಸುತ್ತಿಲ್ಲವಲ್ಲ ಎಂದು ತೀರ್ಮಾನಿಸಿ ಒಮ್ಮೆ ಮಾತ್ರ ಓದಿ ಕೊನೆಯಿಲ್ಲದ ಲೂಪ್‌ಗೆ ಬೀಳಿಸಬಹುದು.

ಸಮಯ ಎಷ್ಟು ಖರ್ಚಾಗುತ್ತಿದೆ ಎಂದು ಅಳೆಯಲು ಬಳಕೆಯಲ್ಲಿರುವ ಒಂದು ಉಪಾಯ ನನಗೆ ಬಹಳ ಮೆಚ್ಚುಗೆಯದು. ಪಿಪಿಯುವಿನ ಒಂದು ಬಿಟ್ ಬದಲಿಸಿದರೆ ಚಿತ್ರ ಬಣ್ಣ ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಫ್ರೇಮ್‌ನ ಲೆಕ್ಕವೆಲ್ಲ ಮುಗಿದ ಜಾಗದಲ್ಲಿ ಆ ಬಿಟ್ ಅನ್ನು ಏರಿಸಿ, ಮುಂದಿನ ಫ್ರೇಮ್‌ನ ಆರಂಭದಲ್ಲಿ ಇಳಿಸಿದರೆ ಪರದೆಯ ಮೇಲ್ಭಾಗ ಬಣ್ಣದಲ್ಲಿಯೂ ಕೆಳಭಾಗ ಬೂದಾಗಿಯೂ ಕಾಣುತ್ತದೆ. ಟಿವಿ ಮೇಲಿನಿಂದ ಕೆಳಕ್ಕೆ ಬಿಡಿಸುವುದರಿಂದ ಬಣ್ಣ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಪ್ರೊಸೆಸರ್ ದುಡಿದಿದೆ ಎಂದರ್ಥ. ಶತ್ರುಗಳ ಸಂಖ್ಯೆ ಏರಿದಂತೆ ಆ ಗೆರೆ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಯಾವ ಫಂಕ್ಷನ್ನನ್ನು ಅಸೆಂಬ್ಲಿಯಲ್ಲಿ ಮರಳಿ ಬರೆಯಬೇಕು, ಯಾವುದನ್ನು ಹಾಗೆಯೇ ಬಿಡಬಹುದು ಎಂಬ ತೀರ್ಮಾನಕ್ಕೆ ಈ ಗೆರೆಗಿಂತ ಒಳ್ಳೆಯ ಸಾಕ್ಷಿ ಬೇಡ. ಸಾಮಾನ್ಯವಾಗಿ ಮರಳಿ ಬರೆಯಬೇಕಾದದ್ದು ಎರಡು ಮೂರು ಫಂಕ್ಷನ್‌ಗಳಷ್ಟೇ; ಮೆನು, ಮಾತುಕತೆ, ಹಂತಗಳ ನಿಯಮಗಳು ಸಿ ಭಾಷೆಯಲ್ಲಿ ಆರಾಮವಾಗಿ ಇರುತ್ತವೆ.

ಆಟ ದೊಡ್ಡದಾದರೆ ಇನ್ನೊಂದು ತೊಡಕು. ಪ್ರೊಸೆಸರ್‌ಗೆ ಕಾರ್ಟ್ರಿಜ್‌ನಲ್ಲಿ ಒಮ್ಮೆಗೆ ನೇರವಾಗಿ ಕಾಣುವ ಪ್ರೋಗ್ರಾಂ 32 ಕಿಲೋಬೈಟ್. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಷ್ಟರೊಳಗೇ ಮುಗಿದಿತ್ತು. ಅದಕ್ಕಿಂತ ದೊಡ್ಡ ಆಟಗಳ ಕಾರ್ಟ್ರಿಜ್‌ನಲ್ಲಿ ಮ್ಯಾಪರ್ ಎಂಬ ಚಿಪ್ ಇದ್ದು, ಅದು ಪ್ರೋಗ್ರಾಂನ ತುಂಡುಗಳನ್ನು ಸರದಿಯಂತೆ ಅದೇ ವಿಳಾಸಕ್ಕೆ ತಂದು ನಿಲ್ಲಿಸುತ್ತದೆ. ಸಿ ಭಾಷೆಯ ಪಾಯಿಂಟರ್‌ಗೆ ವಿಳಾಸ ಗೊತ್ತು. ಆ ವಿಳಾಸದಲ್ಲಿ ಸದ್ಯ ಯಾವ ತುಂಡು ನಿಂತಿದೆ ಎಂಬುದು ಗೊತ್ತಿಲ್ಲ. ಬೇರೆ ತುಂಡಿನ ಫಂಕ್ಷನ್ ಕರೆಯುವ ಮುನ್ನ ತುಂಡು ಬದಲಿಸಿ, ಮುಗಿದ ಮೇಲೆ ಹಿಂದಿನದನ್ನು ಮರಳಿ ತರುವ ಜವಾಬ್ದಾರಿ ಪ್ರೋಗ್ರಾಮರ್‌ನದೇ.

ಇನ್ನೂ ಹಿಂದಿನ ಅಟಾರಿ 2600ರಲ್ಲಿ (1977) ಸಮಸ್ಯೆಯ ರೂಪವೇ ಬೇರೆ. ಅದರ ಮೆಮೊರಿ 128 ಬೈಟ್. ಚಿತ್ರವನ್ನು ನೆನಪಿಟ್ಟುಕೊಳ್ಳುವ ಜಾಗವೇ ಇಲ್ಲ. ಟಿವಿ ಒಂದೊಂದು ಗೆರೆ ಎಳೆಯುವಾಗಲೂ ಆ ಗೆರೆಯಲ್ಲಿ ಏನಿರಬೇಕೆಂದು ಪ್ರೊಸೆಸರ್ ಆಗಿಂದಾಗ ಹೇಳುತ್ತಿರಬೇಕು, ಒಂದು ಗೆರೆಗೆ 76 ಸೈಕಲ್. ಇಲ್ಲಿ ಉನ್ನತ ಮಟ್ಟದ ಭಾಷೆ ಬಳಸುವುದು ಅಸಾಧ್ಯವೆಂದೇ ತೋರುತ್ತದೆ. ಆದರೂ ಬಟಾರಿ ಬೇಸಿಕ್ ಎಂಬ ಕಂಪೈಲರ್ ಇದೆ, ಅದರಲ್ಲಿ ಬರೆದ ಆಟಗಳೂ ಇವೆ. ಗೆರೆ ಎಳೆಯುವ ಕೆಲಸವನ್ನು ಮೊದಲೇ ಅಸೆಂಬ್ಲಿಯಲ್ಲಿ ಬರೆದಿಟ್ಟ ಕರ್ನಲ್ ನೋಡಿಕೊಳ್ಳುತ್ತದೆ. ನಿಮ್ಮ ಬೇಸಿಕ್ ಕೋಡ್ ಓಡುವುದು ಪರದೆಯ ಮೇಲೂ ಕೆಳಗೂ ಇರುವ, ಕಣ್ಣಿಗೆ ಕಾಣದ ಗೆರೆಗಳ ಸಮಯದಲ್ಲಿ ಮಾತ್ರ. ವೇರಿಯಬಲ್‌ಗಳು ಇಂಗ್ಲಿಷ್ ವರ್ಣಮಾಲೆಯ ಇಪ್ಪತ್ತಾರು ಅಕ್ಷರಗಳು, ಒಂದೊಂದೂ ಒಂದು ಬೈಟ್. ಕರ್ನಲ್ ಒಪ್ಪದ ಚಿತ್ರವನ್ನು ಬಿಡಿಸಲಾಗದು ಎಂಬುದು ಇದಕ್ಕೆ ತೆರಬೇಕಾದ ಬೆಲೆ. ಸ್ವಾತಂತ್ರ್ಯ ಬೇಕೆಂದರೆ ಅಸೆಂಬ್ಲಿಗೇ ಮರಳಬೇಕು.

1989ರ ಗೇಮ್ ಬಾಯ್ ಸಿ ಭಾಷೆಗೆ ಒಂದು ಹೆಜ್ಜೆ ಹತ್ತಿರ. ಸ್ಟ್ಯಾಕ್ ಎಲ್ಲಿ ಬೇಕಾದರೂ ಇರಬಹುದು, ಅದರೊಳಗಿನ ವಿಳಾಸವನ್ನು ಲೆಕ್ಕ ಹಾಕುವ ಸೂಚನೆಯೂ ಇದೆ, ಮೆಮೊರಿ 8 ಕಿಲೋಬೈಟ್. ಜಿಬಿಡಿಕೆ ಎಂಬ ಸಾಧನಗಳ ಗುಚ್ಛ ಇಂದು ಎಸ್‌ಡಿಸಿಸಿ ಎಂಬ ಕಂಪೈಲರ್ ಬಳಸುತ್ತದೆ. ಚಿಕ್ಕ ಚಿಪ್‌ಗಳಿಗಾಗಿ ಅದನ್ನು ಮೊದಲು ಬರೆದವರು ಸಂದೀಪ್ ದತ್ತಾ.

ಯಾರಾದರೂ ಎಲ್ಲಿಂದ ಆರಂಭಿಸಲಿ ಎಂದು ಕೇಳಿದರೆ ನಾನು ತೋರಿಸುವುದು ಸೆಗಾ ಮೆಗಾ ಡ್ರೈವ್ ಕಡೆಗೆ. 1988ರ ಈ ಯಂತ್ರದಲ್ಲಿರುವ ಮೋಟೊರೋಲಾ 68000 ಪ್ರೊಸೆಸರ್‌ಗೆ ಮೂವತ್ತೆರಡು ಬಿಟ್‌ನ ಹದಿನಾರು ರಿಜಿಸ್ಟರ್‌ಗಳಿವೆ, ಗುಣಾಕಾರ ಬರುತ್ತದೆ, ಸ್ಟ್ಯಾಕ್‌ನಲ್ಲಿ ಎಲ್ಲಿ ಬೇಕಾದರೂ ಸಲೀಸಾಗಿ ಕೈಹಾಕಬಹುದು. ಪಿಡಿಪಿ-11ರ ಛಾಯೆ ಅದರಲ್ಲಿ ಎದ್ದು ಕಾಣುತ್ತದೆ. ಮೆಮೊರಿ 64 ಕಿಲೋಬೈಟ್. ಜಿಸಿಸಿ ಕಂಪೈಲರ್ ಇದಕ್ಕೆ ಒಳ್ಳೆಯ ಕೋಡನ್ನೇ ಕೊಡುತ್ತದೆ, ಎಸ್‌ಜಿಡಿಕೆ ಎಂಬ ಲೈಬ್ರರಿ ಉಳಿದದ್ದನ್ನು ಸುಲಭಗೊಳಿಸುತ್ತದೆ. ಆದರೂ ಮೈಮರೆಯುವಂತಿಲ್ಲ. 1993ರ ಸೋನಿಕ್ ಸ್ಪಿನ್‌ಬಾಲ್ ಆಟವನ್ನು ಅವಸರವಾಗಿ ಮುಗಿಸಬೇಕಿದ್ದರಿಂದ ಅಂದಿನ ರೂಢಿ ಬಿಟ್ಟು ಸಿ ಭಾಷೆಯಲ್ಲಿ ಬರೆದರು. ಆಟ ಸಮಯಕ್ಕೆ ಬಂತು, ಓಟದಲ್ಲಿ ಮಾತ್ರ ಸೋನಿಕ್‌ನ ಹಿಂದಿನ ಆಟಗಳಷ್ಟು ನಯವಾಗಿರಲಿಲ್ಲ.

1994ರ ಕೊನೆಗೆ ಪ್ಲೇಸ್ಟೇಷನ್ ಬರುವ ಹೊತ್ತಿಗೆ ಸಿ ಭಾಷೆಯೇ ವಾಡಿಕೆಯ ದಾರಿಯಾಯಿತು. ಅಲ್ಲಿಯೂ ಒಂದು ಬಲೆ ಉಂಟು: ಅದರ ಪ್ರೊಸೆಸರ್‌ಗೆ ದಶಮಾಂಶ ಬಿಂದುವಿನ ಲೆಕ್ಕ ಮಾಡುವ ಹಾರ್ಡ್‌ವೇರ್ ಇಲ್ಲ. ಸಿ ಭಾಷೆಯಲ್ಲಿ ಫ್ಲೋಟ್ ಎಂದು ಬರೆದರೆ ಕಂಪೈಲರ್ ಆಕ್ಷೇಪಿಸದೆ ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ಲೆಕ್ಕ ಹಾಕುತ್ತದೆ. ಬಲ್ಲವರು 4096 ಎಂಬುದನ್ನೇ ಒಂದು ಎಂದು ಭಾವಿಸಿ ಪೂರ್ಣಾಂಕಗಳಲ್ಲೇ ಎಲ್ಲವನ್ನೂ ಮುಗಿಸುತ್ತಾರೆ. 1996ರ ಕ್ರ್ಯಾಶ್ ಬ್ಯಾಂಡಿಕೂಟ್ ತಯಾರಿಸಿದ ನಾಟಿ ಡಾಗ್ ಸಂಸ್ಥೆಯ ಆ್ಯಂಡಿ ಗ್ಯಾವಿನ್ ಇನ್ನೂ ಮೇಲಕ್ಕೆ ಹೋದರು. ಪಾತ್ರಗಳ ವರ್ತನೆಯನ್ನು ಬರೆಯಲೆಂದೇ ಅವರು ಲಿಸ್ಪ್ ಮಾದರಿಯಲ್ಲಿ ಗೂಲ್ ಎಂಬ ಹೊಸ ಭಾಷೆಯನ್ನೇ ಕಟ್ಟಿದರು.

ಹೀಗೆ ಆಟಕ್ಕೆಂದೇ ಭಾಷೆ ಕಟ್ಟುವುದು ಹಳೆಯ ಕನ್ಸೋಲ್‌ಗಳ ಲೋಕಕ್ಕೆ ಅಪರಿಚಿತವೇನಲ್ಲ, ಮತ್ತು ಸಿ ಅಥವಾ ಅಸೆಂಬ್ಲಿ ಎಂಬ ವಾದದಲ್ಲಿ ಮರೆತುಹೋಗುವ ಮೂರನೆಯ ದಾರಿ ಅದು. ಸ್ಟೀವ್ ವೋಜ್ನಿಯಾಕ್ ಆ್ಯಪಲ್ 2 ಕಂಪ್ಯೂಟರ್‌ಗೆ ಬರೆದ ಸ್ವೀಟ್16 ಇದರ ಹಳೆಯ ಮಾದರಿ: 6502ರ ಮೇಲೆ ಓಡುವ, ಸುಮಾರು ಮುನ್ನೂರು ಬೈಟ್‌ನ, ಹದಿನಾರು ಬಿಟ್‌ನ ಕಲ್ಪಿತ ಪ್ರೊಸೆಸರ್. ನೇರ ಕೋಡ್‌ಗಿಂತ ಅದು ಎಷ್ಟೋ ನಿಧಾನ, ಆದರೆ ಅದರ ಪ್ರೋಗ್ರಾಂಗಳು ತುಂಬಾ ಚಿಕ್ಕವು. ಬಾಗಿಲು ತೆರೆಯುವುದು, ಮಾತು ತೋರಿಸುವುದು, ಶತ್ರು ಯಾವಾಗ ತಿರುಗಬೇಕೆಂದು ತೀರ್ಮಾನಿಸುವುದು ಇಂಥವು ಒಂದು ಫ್ರೇಮ್‌ನಲ್ಲಿ ಬೆರಳೆಣಿಕೆಯಷ್ಟು ಸಲ ನಡೆಯುವ ಕೆಲಸಗಳು, ನಿಧಾನವಾದರೂ ನಷ್ಟವಿಲ್ಲ. ಅವನ್ನು ಬೈಟ್‌ಕೋಡ್ ಆಗಿ, ಅಂದರೆ ಕಲ್ಪಿತ ಪ್ರೊಸೆಸರ್‌ನ ಸೂಚನೆಗಳಾಗಿ, ಬರೆದಿಟ್ಟು, ಓದಿ ನಡೆಸುವ ಚಿಕ್ಕ ಇಂಟರ್‌ಪ್ರಿಟರ್ ಒಂದನ್ನು ಮಾತ್ರ ಅಸೆಂಬ್ಲಿಯಲ್ಲಿ ಬರೆದರೆ ಕಾರ್ಟ್ರಿಜ್‌ನಲ್ಲಿ ಜಾಗವೂ ಉಳಿಯುತ್ತದೆ. ಒಂದು ಸಾಲೂ ಕೋಡ್ ಬರೆಯದೆ ಗೇಮ್ ಬಾಯ್ ಆಟ ಮಾಡಲು ಬಿಡುವ ಜಿಬಿ ಸ್ಟುಡಿಯೊದ ಒಳಗೂ ಇಂಥದೇ ವ್ಯವಸ್ಥೆ ಇದೆ.

1991ರಲ್ಲಿ ಎರಿಕ್ ಶಾಯಿ ಅವರ ಅನದರ್ ವರ್ಲ್ಡ್ ಆಟ ಅಮಿಗಾ ಕಂಪ್ಯೂಟರ್‌ನಲ್ಲಿ ಬಂದಾಗ ಅದರ ಬಹುಪಾಲು ಇಂಥದೊಂದು ಕಲ್ಪಿತ ಯಂತ್ರಕ್ಕಾಗಿಯೇ ಬರೆದದ್ದಾಗಿತ್ತು. 256 ವೇರಿಯಬಲ್‌ಗಳು, ಏಕಕಾಲಕ್ಕೆ ಸಾಗಬಲ್ಲ 64 ಎಳೆಗಳು, ಬಹುಭುಜಗಳನ್ನು ಬಿಡಿಸುವ ಕೆಲವು ಆಜ್ಞೆಗಳು. ಮುಂದೆ ಅದು ಮೆಗಾ ಡ್ರೈವ್‌ಗೂ ಸೂಪರ್ ನಿಂಟೆಂಡೊಗೂ ಬಂತು. 68000ದ ಮೆಗಾ ಡ್ರೈವ್‌ಗೂ 6502ರ ವಂಶದ ಚಿಪ್ ಇರುವ ಸೂಪರ್ ನಿಂಟೆಂಡೊಗೂ ಪ್ರೊಸೆಸರ್ ಮಟ್ಟದಲ್ಲಿ ಯಾವ ಹೋಲಿಕೆಯೂ ಇಲ್ಲ. ಹೊಸದಾಗಿ ಬರೆಯಬೇಕಾದದ್ದು ಮುಖ್ಯವಾಗಿ ಬೈಟ್‌ಕೋಡ್ ಓದುವ ಇಂಟರ್‌ಪ್ರಿಟರ್ ಮತ್ತು ಚಿತ್ರ ಬಿಡಿಸುವ ಭಾಗ.